ಕರುಳಿಗೂ ತಟ್ಟುವ ನರರೋಗ

ಕೈಕಾಲು ಸೋತರೆ ನರದ ದೋಷವೆಂದು ಎಲ್ಲರೂ ಊಹಿಸುತ್ತಾರೆ. ಮಲಬದ್ಧತೆಯಾದರೆ ಮಾತ್ರ ಅಡುಗೆಮನೆಯ ಮೇಲೆ ತಪ್ಪು ಹೊರಿಸುವುದು ವಾಡಿಕೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯಲ್ಲಿ ಎರಡಕ್ಕೂ ಮೂಲ ಒಂದೇ ಆಗಿರಬಹುದು. 1868ರಲ್ಲಿ ಪ್ಯಾರಿಸಿನ ವೈದ್ಯ ಶಾರ್ಕೊ ಇದನ್ನು ಸ್ಪಷ್ಟವಾಗಿ ನಿರೂಪಿಸಿದನು. ಬಹುಕಾಲ ಇದು ಶೀತದೇಶಗಳ ಬಿಳಿಯರ ಬೇನೆಯೆಂದೇ ನಂಬಿಕೆಯಿತ್ತು. ಆದರೆ ಮಡಿಕೇರಿಯಿಂದ ಸಂಪಾಜೆ ಘಟ್ಟವಿಳಿದು ಸಾಗಿದರೆ ಸಿಗುವ ಮಂಗಳೂರಿನಲ್ಲಿ ಡಾ. ಲೇಖಾ ಪಂಡಿತ್ ಮತ್ತು ಸಹೋದ್ಯೋಗಿಗಳು ನಡೆಸಿ 2014ರಲ್ಲಿ ಪ್ರಕಟಿಸಿದ ಗಣನೆಯಂತೆ, ಲಕ್ಷ ಜನರಲ್ಲಿ ಸುಮಾರು 8 ಮಂದಿಗೆ ಈ ರೋಗವಿತ್ತು. ಕಡಮೆಯೇ ಸರಿ, ಇಲ್ಲವೆನ್ನುವಷ್ಟು ಕಡಮೆಯಲ್ಲ.

ನರತಂತುಗಳನ್ನು ಸುತ್ತಿರುವ ಮಯಲಿನ್ ಎಂಬ ಪೊರೆಯನ್ನು ದೇಹದ ರಕ್ಷಣಾವ್ಯವಸ್ಥೆಯೇ ಶತ್ರುವೆಂದು ಭ್ರಮಿಸಿ ಕೆಡಿಸುವುದು ಈ ರೋಗದ ಬಗೆ. ಮೆದುಳು, ಬೆನ್ನುಹುರಿಗಳಲ್ಲಿ ಪೊರೆ ಕೆಟ್ಟೆಡೆ ಸಂದೇಶ ತಡವಾಗುತ್ತದೆ, ಇಲ್ಲವೆ ನಿಂತೇಹೋಗುತ್ತದೆ. ದೊಡ್ಡಕರುಳಿನ ಕೊನೆಯ ಭಾಗವೂ ಗುದದ್ವಾರದ ಸ್ನಾಯುಗಳೂ ಬೆನ್ನುಹುರಿಯ ಕೆಳತುದಿಯ ನರಗಳ ಆಜ್ಞೆಗೆ ಒಳಪಟ್ಟಿವೆ. ಆಜ್ಞೆ ಕುಂಟಿದಾಗ ಕರುಳು ನಿಧಾನಿಸುತ್ತದೆ. ಮಲ ಅಲ್ಲಿಯೇ ತಂಗಿ, ನೀರಿನಂಶ ಕಳೆದುಕೊಂಡು ಗಟ್ಟಿಯಾಗುತ್ತದೆ. ತಿಣುಕಿದಾಗ ಸಡಿಲಬೇಕಾದ ಸ್ನಾಯು ಬಿಗಿದುಕೊಳ್ಳುವುದೂ ಉಂಟು. ಕೆಲವೊಮ್ಮೆ ಗಟ್ಟಿ ಮಲದ ಬದಿಯಿಂದ ದ್ರವ ಜಾರಿ ಬಟ್ಟೆ ಕೆಡುತ್ತದೆ. ಅದನ್ನು ಭೇದಿಯೆಂದು ತಿಳಿದು ಔಷಧಿ ಕೊಟ್ಟರೆ ಕಟ್ಟು ಮತ್ತಷ್ಟು ಬಿಗಿಯುತ್ತದೆ.

ಮೂತ್ರದ ಅವಸರವೂ ಈ ರೋಗದ ಸಂಗಾತಿ. ಹುತ್ತರಿಗೆ ಐನ್‌ಮನೆಯಲ್ಲಿ ಬಳಗವೆಲ್ಲ ಸೇರುವಾಗ, ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಸ್ಸಿನಲ್ಲಿ ಹೊರಡುವಾಗ (ಕೊಡಗಿಗೆ ರೈಲು ಬಂದಿಲ್ಲವಷ್ಟೆ!) ಮಾನಕ್ಕಂಜಿ ರೋಗಿ ನೀರನ್ನೇ ಬಿಡುವುದುಂಟು. ನೀರು ಸಾಲದ ದೇಹ ಕರುಳಿನಿಂದಲೇ ಅದನ್ನು ಹೀರಿಕೊಳ್ಳುತ್ತದೆ. ಮೂತ್ರದ ಅವಸರಕ್ಕೆ ಕೊಡುವ ಕೆಲವು ಗುಳಿಗೆಗಳೂ ಕರುಳನ್ನು ಮಂದಗೊಳಿಸುತ್ತವೆ. ಇದನ್ನು ವೈದ್ಯರಿಗೆ ಹೇಳಿದರೆ ಗುಳಿಗೆ ಬದಲಾಯಿಸಬಹುದು. ಹೇಳಲು ನಾಚಿಕೆ ಬಿಡಬೇಕು, ಅದೇ ಕಷ್ಟ.

ಊಟವಾದ ಅರ್ಧ ಗಂಟೆಯೊಳಗೆ ದೊಡ್ಡಕರುಳು ತಾನಾಗಿ ಚಲಿಸುವುದು ಪ್ರಕೃತಿಧರ್ಮ. ಬಿಸಿ ಕಾಫಿಗೂ ಅನೇಕರಲ್ಲಿ ಈ ಗುಣವುಂಟೆಂಬುದನ್ನು ಕೊಡಗಿನವರಿಗೆ ಬೇರೆ ಹೇಳಬೇಕಾಗಿಲ್ಲ. ನಿತ್ಯವೂ ಬೆಳಗಿನ ಉಪಾಹಾರದ ಬಳಿಕ ಅದೇ ಹೊತ್ತಿಗೆ ಶೌಚಕ್ಕೆ ಕುಳಿತರೆ ಕರುಳಿಗೆ ರೂಢಿಯಾಗುತ್ತದೆ. ಬಿಗಿದ ಕಾಲುಗಳಿಗೆ ಕುಕ್ಕುರುಗಾಲು ಆಗದು. ಕಮೋಡಿನ ಮೇಲೆ ಕುಳಿತು ಪಾದಗಳ ಕೆಳಗೆ ಮಣೆಯಿಟ್ಟರೆ ಹೆಚ್ಚುಕಡಮೆ ಅದೇ ಭಂಗಿ ಒದಗುತ್ತದೆ. ಕಡಂಬುಟ್ಟು, ಹಂದಿಮಾಂಸಗಳಲ್ಲಿ ನಾರಿಲ್ಲವೆಂದರೂ ಸಲ್ಲುವುದು. ಕಣಿಲೆ, ಸೊಪ್ಪು, ಕಾಳುಗಳಲ್ಲಿ ಅದು ಧಾರಾಳ. ಆದರೆ ನೀರು ಕುಡಿಯದೆ ನಾರು ತಿಂದರೆ ಉಪಕಾರಕ್ಕೆ ಬದಲು ಅಪಕಾರ.

ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕವಿಳಿದರೆ ಎಲ್ಲವನ್ನೂ ಈ ರೋಗದ ತಲೆಗೆ ಕಟ್ಟದೆ ಬೇರೆ ಪರೀಕ್ಷೆಯನ್ನೇ ಮಾಡಿಸಬೇಕು.