ಚಾರ್ಜರ್ ತೆಗೆದ್ರೆ ಲ್ಯಾಪ್‌ಟಾಪ್ ಯಾಕೆ ತೆವಳುತ್ತೆ?

ಶ್ರೀನಿವಾಸಪುರದ ಮನೆಯಲ್ಲಿ ಕರೆಂಟು ಹೋದಾಗ, ಮಾಲೂರಿಂದ ಟ್ರೈನಲ್ಲಿ ಬರುವಾಗ ನಮ್ಮ ಉಬುಂಟು ಲ್ಯಾಪ್‌ಟಾಪ್‌ಗಳು ತೆವಳ್ತಿದ್ವು. ರ್‍ಯಾಮ್ ಸಾಲದು ಅಂತ ದುಡ್ಡು ಕೂಡಿಸೋಕೆ ಹೊರಟಿದ್ವಿ. ಆದರೆ ಚಾರ್ಜರ್ ಹಾಕಿದರೆ ಅದೇ ರ್‍ಯಾಮ್‌ನಲ್ಲಿ ಚೆನ್ನಾಗೇ ಓಡುತ್ತಲ್ಲ!

ಚಾರ್ಜ್ ಉಳಿಸಲು ಸಿಸ್ಟಮ್ಮೇ ಪ್ರೊಸೆಸರ್ ವೇಗ ಇಳಿಸುತ್ತದೆ. ಒಂದೇ ಪ್ರೋಗ್ರಾಮನ್ನು ಚಾರ್ಜರ್ ಹಾಕಿ, ತೆಗೆದು ಓಡಿಸಿ. ಪ್ರೋಕ್ ಫೋಲ್ಡರಿನ ಸಿಪಿಯುಇನ್ಫೋ ಫೈಲಿನಲ್ಲಿ ಮೆಗಾಹರ್ಟ್ಸ್ ನೋಡಿ. ಬ್ಯಾಟರಿಯಲ್ಲಿ ಮಾತ್ರ ಬಿದ್ದರೆ, ಸೆಟ್ಟಿಂಗ್ಸ್‌ನ ‘ಪವರ್’ನಲ್ಲಿ ‘ಪವರ್ ಸೇವರ್’ ಬದಲು ‘ಬ್ಯಾಲೆನ್ಸ್ಡ್’ ಆರಿಸಿ. ಟಿಎಲ್‌ಪಿ ಹಾಕಿದ್ದರೆ ಅದರ ಬ್ಯಾಟರಿ ಸೆಟ್ಟಿಂಗೂ ನೋಡಿ. ಅದೂ ಉಬುಂಟುವಿನ ಪವರ್ ಪ್ರೊಫೈಲೂ ಒಟ್ಟಿಗೆ ಬೇಡ, ಕಿತ್ತಾಡ್ತವೆ.

ವೇಗ ಹೆಚ್ಚಿದರೆ ಚಾರ್ಜ್ ಬೇಗ ಮುಗಿಯುತ್ತೆ. ಹಾಗಾಗಿ ನಾವು ಟೈಪ್ ಮಾಡುವಾಗ ಸೇವರ್, ಕಂಪೈಲ್ ಮಾಡುವಾಗ ಬ್ಯಾಲೆನ್ಸ್ಡ್ ಇಡ್ತೀವಿ. ರ್‍ಯಾಮ್ ದುಡ್ಡೂ ಉಳೀತು.