ಮೋದುಗ, ಮುತ್ತುಗ, ಬ್ಯೂಟಿಯ

ಚಿಂತಾಮಣಿಯ ಸಂತೆಯಲ್ಲಿ ಊಟದೆಲೆಯ ಕಟ್ಟು ಇಟ್ಟುಕೊಂಡು ಕೂರುವ ಅಜ್ಜಿ ಗಿರಾಕಿಯ ಮುಖ ನೋಡಿ ಮಾತು ಬದಲಿಸುತ್ತಾರೆ. ತೆಲುಗಿನವರು ಬಂದರೆ ಅದು ಮೋದುಗಾಕು, ಕನ್ನಡದವರು ಬಂದರೆ ಮುತ್ತುಗದ ಎಲೆ. ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರ, ನಮ್ಮ ಕಡೆಯೆಲ್ಲ ಹೀಗೇ. ಮನೆಯೊಳಗೆ ತೆಲುಗು, ಶಾಲೆ ಕಚೇರಿಯಲ್ಲಿ ಕನ್ನಡ. ಗಿಡಮರಗಳಿಗೂ ಎರಡೆರಡು ಹೆಸರು. ಮೋದುಗ ಎಂಬ ಹೆಸರು 1795ರಲ್ಲೇ ಲಂಡನ್ನಿನ ಪುಸ್ತಕವೊಂದರಲ್ಲಿ ಅಚ್ಚಾಗಿತ್ತು ಎಂದು ತಿಳಿದ ದಿನದಿಂದ ನನಗೆ ಆ ಪುಸ್ತಕದ ಗುಂಗು ಬಿಟ್ಟಿಲ್ಲ.

ಪುಸ್ತಕದ ಹೆಸರು ‘ಪ್ಲಾಂಟ್ಸ್ ಆಫ್ ದಿ ಕೋಸ್ಟ್ ಆಫ್ ಕೋರಮಂಡಲ್’. ಬರೆದವರು ವಿಲಿಯಂ ರಾಕ್ಸ್‌ಬರ್ಗ್. 1751ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಈ ವೈದ್ಯ ಈಸ್ಟ್ ಇಂಡಿಯಾ ಕಂಪನಿಯ ನೌಕರಿ ಹಿಡಿದು 1776ರಲ್ಲಿ ಮದ್ರಾಸಿಗೆ ಬಂದರು. 1781ರಿಂದ ಗೋದಾವರಿ ಸೀಮೆಯ ಸಾಮಲಕೋಟದಲ್ಲಿ ನೆಲೆಸಿ, ಅಲ್ಲೊಂದು ತೋಟ ಮಾಡಿ, ಸುತ್ತಲಿನ ಗಿಡಗಳನ್ನು ಒಂದೊಂದಾಗಿ ಪರಿಚಯ ಮಾಡಿಕೊಂಡರು. 1787ರಲ್ಲಿ ಸಮುದ್ರ ಉಕ್ಕಿ ಬಂದು ಅಲ್ಲಿಯವರೆಗೆ ಕೂಡಿಟ್ಟ ಗಿಡದ ಮಾದರಿ, ಪುಸ್ತಕ, ಬರಹಗಳೆಲ್ಲ ಹೋದವು. ಮತ್ತೆ ಮೊದಲಿನಿಂದ ಶುರುಮಾಡಿದರು.

ಈ ಸಲ ಪಕ್ಕದಲ್ಲಿ ಸ್ಥಳೀಯ ಚಿತ್ರಕಾರರನ್ನು ಕೂರಿಸಿಕೊಂಡರು. ಗಿಡ ಬಾಡುವ ಮೊದಲು ಚಿತ್ರ ಮುಗಿಯಬೇಕು. ರಾಕ್ಸ್‌ಬರ್ಗ್ ಹೂವನ್ನು ಬಿಡಿಸಿ ಎಸಳು, ಕೇಸರ, ಅಂಡಾಶಯ ಎಂದು ಬೇರ್ಪಡಿಸಿ ಕೊಟ್ಟರೆ ಚಿತ್ರಕಾರರು ಅದನ್ನು ಪುಟದ ಕೆಳಗೆ ಸಾಲಾಗಿ ಬರೆಯುತ್ತಿದ್ದರು. 1794ರ ಹೊತ್ತಿಗೆ 500 ಚಿತ್ರಗಳು ಕಂಪನಿಗೆ ತಲುಪಿದ್ದವು. ಅವುಗಳಲ್ಲಿ 300ನ್ನು ಆರಿಸಿದವರು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್. ಲಂಡನ್ನಿನಲ್ಲಿ ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದು, ದೊಡ್ಡ ಹಾಳೆಗಳಿಗೆ ಅಚ್ಚೊತ್ತಿ, ಆಮೇಲೆ ಪ್ರತಿಯೊಂದು ಹಾಳೆಗೂ ಕೈಯಿಂದ ಬಣ್ಣ ಹಚ್ಚಿದರು. ಒಂದು ಪ್ರತಿಯ ಹಸಿರು ಇನ್ನೊಂದು ಪ್ರತಿಯ ಹಸಿರಿನಂತೆ ಇರುವುದಿಲ್ಲ. ಬಿಡಿ ಕಂತುಗಳಾಗಿ ಹೊರಬಂದ ಮೂರು ಸಂಪುಟಗಳು ಮುಗಿಯಲು ಕಾಲು ಶತಮಾನ ಹಿಡಿಯಿತು. 1815ರಲ್ಲಿ ತೀರಿಕೊಂಡ ರಾಕ್ಸ್‌ಬರ್ಗ್ ಕೊನೆಯ ಸಂಪುಟ ಪೂರ್ತಿಯಾದದ್ದನ್ನು ನೋಡಲಿಲ್ಲ.

ಮೂಲ ಪ್ರತಿಗಳು ದೊಡ್ಡ ಗ್ರಂಥಾಲಯಗಳ ಬೀಗದೊಳಗಿವೆ. ಆದರೆ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿಯ ತಾಣದಲ್ಲಿ ಇಡೀ ಪುಸ್ತಕ ಯಾರಿಗಾದರೂ ಸಿಗುತ್ತದೆ. ಮೊಬೈಲಿನಲ್ಲಿ ಮುತ್ತುಗದ ಚಿತ್ರವಿರುವ 21ನೇ ಫಲಕ ತೆರೆದು, ಪಕ್ಕದಲ್ಲಿ ನಿಜವಾದ ಮುತ್ತುಗದ ಹೂ ಇಟ್ಟುಕೊಂಡು ನೋಡಿದ್ದೇನೆ. ಫೆಬ್ರವರಿ, ಮಾರ್ಚಿನಲ್ಲಿ ಎಲೆಯುದುರಿದ ಮುತ್ತುಗ ಬುಡದಿಂದ ತುದಿಯವರೆಗೆ ಕಿತ್ತಳೆ ಕೆಂಪಾಗಿರುತ್ತದೆ. ಒಂದು ಹೂ ಕಿತ್ತರೆ ಬೆರಳಿಗೆ ಮೊದಲು ತಾಗುವುದು ಬುಡದ ಕಪ್ಪು ಮಖಮಲ್ಲಿನಂಥ ಬಟ್ಟಲು. ಅದರಿಂದ ಗಿಣಿಯ ಕೊಕ್ಕಿನ ಹಾಗೆ ಬಾಗಿದ ಎಸಳು ಹೊರಟಿರುತ್ತದೆ. ಆ ಕೊಕ್ಕಿನೊಳಗೆ ಕೇಸರಗಳು, ತಳದಲ್ಲಿ ಮಕರಂದ. ಕುಡಿಯಲು ಬಂದ ಹಕ್ಕಿಯ ತಲೆಗೆ ಪರಾಗ ಮೆತ್ತಿಕೊಳ್ಳುತ್ತದೆ. ಎಲೆ ಬರುವುದು, ಕಾಯಿ ಬಲಿಯುವುದು ಆಮೇಲೆ. ಮರ ತಿಂಗಳುಗಟ್ಟಲೆ ಅಂತರದಲ್ಲಿ ತೋರಿಸುವುದನ್ನು ಸಸ್ಯಚಿತ್ರ ಒಂದೇ ಹಾಳೆಯಲ್ಲಿ ತೋರಿಸಬಲ್ಲದು. ಒಂದು ಫೋಟೋದಿಂದ ಇದು ಆಗುವುದಿಲ್ಲ. ಇವತ್ತಿಗೂ ಹೊಸ ಸಸ್ಯಗಳನ್ನು ಪ್ರಕಟಿಸುವಾಗ ರೇಖಾಚಿತ್ರ ಕೊಡುವುದಕ್ಕೆ ಕಾರಣ ಇದೇ. ಮಾದರಿ ಕಳೆದುಹೋದಾಗ ಹೆಸರಿಗೆ ಆಧಾರವಾಗಿ ಮೂಲ ಚಿತ್ರವನ್ನೇ ಒಪ್ಪಬಹುದೆಂದು ಸಸ್ಯನಾಮಕರಣದ ನಿಯಮವೂ ಹೇಳುತ್ತದೆ.

ಚಿತ್ರದ ಜೊತೆಗಿನ ಬರಹದಲ್ಲಿ ರಾಕ್ಸ್‌ಬರ್ಗ್ ತೆಲುಗು ಹೆಸರನ್ನು ತಪ್ಪದೆ ಕೊಡುತ್ತಾರೆ. 21ನೇ ಫಲಕದ ಮುತ್ತುಗಕ್ಕೆ ‘ಮೋದುಗ’, ಮುಂದಿನ ಫಲಕದ ಬಳ್ಳಿ ಮುತ್ತುಗಕ್ಕೆ ‘ತೀಗ ಮೋದುಗ’. ಉಪಯೋಗವನ್ನೂ ಬಿಡುವುದಿಲ್ಲ. ಪಟಿಕದ ನೀರಿನಲ್ಲಿ ಅದ್ದಿದ ಹತ್ತಿ ಬಟ್ಟೆಗೆ ಮುತ್ತುಗದ ಹೂವಿನ ಕಷಾಯ ಸೊಗಸಾದ ಹಳದಿ ಕೊಡುತ್ತದೆ. ಪಟಿಕದಲ್ಲಿರುವ ಅಲ್ಯುಮಿನಿಯಂ ಒಂದು ಕೈಯಲ್ಲಿ ನೂಲನ್ನೂ ಇನ್ನೊಂದು ಕೈಯಲ್ಲಿ ಬಣ್ಣದ ಕಣವನ್ನೂ ಹಿಡಿದುಕೊಳ್ಳುವುದರಿಂದ ಬಣ್ಣ ಒಗೆದರೂ ಬಿಡದು. 5ನೇ ಫಲಕದ ಚಿಲ್ಲದ ಬೀಜದ್ದೂ ಇಂಥದೇ ಕೆಲಸ. ಮಡಕೆಯ ಒಳಮೈಗೆ ಬೀಜ ತೇಯ್ದು ಕೆರೆಯ ಕೆನ್ನೀರು ತುಂಬಿದರೆ, ಒಂದನ್ನೊಂದು ದೂರ ತಳ್ಳುತ್ತಾ ತೇಲುತ್ತಿದ್ದ ಮಣ್ಣಿನ ಕಣಗಳು ಬೀಜದ ಸತ್ವಕ್ಕೆ ಅಂಟಿ, ಗಂಟುಗಟ್ಟಿ ತಳಕ್ಕಿಳಿಯುತ್ತವೆ.

ಇನ್ನು ಶಾಸ್ತ್ರೀಯ ಹೆಸರಿನ ಕಥೆ. ಮುತ್ತುಗಕ್ಕೆ ರಾಕ್ಸ್‌ಬರ್ಗ್ ಕೊಟ್ಟದ್ದು ಬ್ಯೂಟಿಯ ಫ್ರಾಂಡೋಸ. ಫ್ರಾಂಡೋಸ ಎಂದರೆ ಎಲೆ ತುಂಬಿದ್ದು. ಎಲೆ ಹಚ್ಚುವ ನಮ್ಮ ಹೆಂಗಸರು ಒಪ್ಪುವ ಮಾತು. ಆದರೆ ಅದಕ್ಕೂ ಮೊದಲೇ ಫ್ರಾನ್ಸಿನ ಲಮಾರ್ಕ್ ಇದಕ್ಕೆ ಮೊನೊಸ್ಪರ್ಮ, ಅಂದರೆ ಒಂದೇ ಬೀಜದ್ದು, ಎಂಬ ಪದ ಬಳಸಿದ್ದರಿಂದ ಮೊದಲು ಬಂದ ಹೆಸರಿಗೇ ಹಕ್ಕು ಎಂಬ ನಿಯಮದಂತೆ ಈಗ ಇದು ಬ್ಯೂಟಿಯ ಮೊನೊಸ್ಪರ್ಮ. ಬ್ಯೂಟಿಯ ಎಂಬುದು ಬ್ರಿಟನ್ನಿನ ಪ್ರಧಾನಿಯಾಗಿದ್ದ, ಸಸ್ಯಪ್ರೇಮಿ ಬ್ಯೂಟ್ ದೊರೆಯ ನೆನಪಿಗೆ. ಹೂವಿನ ಹಳದಿಯ ಒಂದು ಅಂಶಕ್ಕೂ ಬ್ಯೂಟೀನ್ ಎಂದೇ ಹೆಸರಾಯಿತು. ಮೋದುಗ ಎಂಬ ಪದ ಎದುರಿಗೇ ಇದ್ದಾಗ ಅದನ್ನೇ ಕುಲನಾಮ ಮಾಡಬಹುದಿತ್ತು ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಏಕೆಂದರೆ ಅದು ಆಗಿರುವ ಉದಾಹರಣೆ ಇದೇ ಪುಸ್ತಕದಲ್ಲಿದೆ. 17ನೇ ಫಲಕದ ಮರದ ತೊಗಟೆ ಜ್ವರಕ್ಕೆ ಮದ್ದು. ರಾಕ್ಸ್‌ಬರ್ಗ್ ಅದನ್ನು ಸ್ವೀಟೇನಿಯ ಎಂದಿದ್ದರು. ಅದು ಬೇರೆ ಕುಲವೆಂದು ಕಂಡ ಫ್ರಾನ್ಸಿನ ಜುಸಿಯು 1830ರಲ್ಲಿ ಅದರ ತೆಲುಗು ಹೆಸರಾದ ಸೋಮಿದವನ್ನೇ ಎತ್ತಿಕೊಂಡು ಸೊಯ್ಮಿಡ ಎಂದರು. ಊರಿನವರ ಬಾಯಿಮಾತು ಹೀಗೆ ಜಗತ್ತಿನ ಎಲ್ಲ ಸಸ್ಯಕೋಶಗಳಿಗೆ ಹೋಯಿತು.

ಸಾಮಲಕೋಟದ ತೋಟಕ್ಕೂ ನಮ್ಮ ಸೀಮೆಗೂ ನಂಟಿದೆ. 1793ರಲ್ಲಿ ರಾಕ್ಸ್‌ಬರ್ಗ್ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಹೋದ ಮೇಲೆ ಆ ತೋಟ ನೋಡಿಕೊಂಡ ಬೆಂಜಮಿನ್ ಹೈನೆ, ಟಿಪ್ಪುವಿನ ಪತನದ ನಂತರ ಮೈಸೂರು ಸರ್ವೇಯ ಸಸ್ಯಶಾಸ್ತ್ರಜ್ಞರಾಗಿ ಬಂದು ಲಾಲ್‌ಬಾಗಿನ ಉಸ್ತುವಾರಿ ವಹಿಸಿದರು. 1800ರಲ್ಲಿ ಚಿಕ್ಕಬಳ್ಳಾಪುರದ ಮೂಲಕ ಹಾದು ಹೋದ ಸಸ್ಯಶಾಸ್ತ್ರಜ್ಞ ಫ್ರಾನ್ಸಿಸ್ ಬುಕನನ್ ಮುಂದೆ ಕಲ್ಕತ್ತೆಯಲ್ಲಿ ರಾಕ್ಸ್‌ಬರ್ಗ್ ಕುಳಿತ ಜಾಗದಲ್ಲೇ ಕುಳಿತರು.

ಆದರೆ ಚಿತ್ರ ಬರೆದವರು ಯಾರು? 300 ಫಲಕಗಳಲ್ಲಿ ಒಂದರಲ್ಲೂ ಅವರ ಹೆಸರಿಲ್ಲ. ಮುಂದಿನ ತಲೆಮಾರಿನ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಈ ವಿಷಯದಲ್ಲಿ ದೊಡ್ಡ ಮನಸ್ಸು ತೋರಿಸಿದರು. ತಮ್ಮ ಚಿತ್ರಕಾರರಾದ ರಂಗಯ್ಯ, ಗೋವಿಂದು ಇಬ್ಬರ ಹೆಸರೂ ಉಳಿಯುವಂತೆ ನೋಡಿಕೊಂಡದ್ದಲ್ಲದೆ ಒಂದು ಆರ್ಕಿಡ್ ಕುಲಕ್ಕೆ ಗೋವಿಂದೂಯ ಎಂದೇ ಹೆಸರಿಟ್ಟರು. ಆ ಗಿಡ ಹಿಂದೆಯೇ ಹೆಸರಾಗಿದ್ದ ಟ್ರಾಪಿಡಿಯ ಕುಲದ್ದೆಂದು ತಿಳಿದು ಆ ಹೆಸರು ಬಳಕೆ ತಪ್ಪಿತು.

ರಾಕ್ಸ್‌ಬರ್ಗರ ಹೆಸರು ನಮ್ಮ ಬೆಟ್ಟಗಳಲ್ಲಿ ಒಂದು ಮರದ ಮೇಲಿದೆ. ಅರಗಿನ ಹುಳು ಸಾಕುವ ಜಾಲಾರಿಗೆ ಸಸ್ಯಶಾಸ್ತ್ರದಲ್ಲಿ ಶೋರಿಯ ರಾಕ್ಸ್‌ಬರ್ಗಿ ಎನ್ನುತ್ತಾರೆ. ಬೇಸಿಗೆಯ ಮೊದಲಲ್ಲಿ ಕೆನೆಬಣ್ಣದ ಹೂ ಬಿಟ್ಟು ಇಡೀ ಕಾಡಿಗೆ ಪರಿಮಳ ಹರಡುತ್ತದೆ. ಅದರ ಕಾಯಿಗೆ ಐದು ರೆಕ್ಕೆ, ಮೂರು ಉದ್ದ, ಎರಡು ಗಿಡ್ಡ. ಮೇಲಕ್ಕೆ ತೂರಿದರೆ ಬುಗುರಿಯ ಹಾಗೆ ಸುತ್ತುತ್ತಾ ನಿಧಾನವಾಗಿ ಇಳಿಯುತ್ತದೆ. ಅದನ್ನು ತೂರಿ ಆಡುವ ಮಕ್ಕಳಿಗೆ ಅದು ಎರಡೂ ಭಾಷೆಯಲ್ಲಿ ಜಾಲಾರಿಯೇ.