ನಿಮಗಿದು ಗೊತ್ತೇ? ನಾಚುವ ಹಕ್ಕಿ, ಚೆಂದದ ಹಿನ್ನೆಲೆ

ಟೊರಾಂಟೊದ ಹಕ್ಕಿ ಫೋಟೊಗ್ರಾಫರುಗಳು ಮುಗಿಬೀಳುವ ತಾಣವೊಂದು ಕಟ್ಟಡಗಳ ಅವಶೇಷದಿಂದ ಹುಟ್ಟಿದ್ದು ಗೊತ್ತೇ? ಒಂಟಾರಿಯೊ ಸರೋವರದೊಳಕ್ಕೆ 5 ಕಿ.ಮೀ. ಚಾಚಿರುವ ಲೆಸ್ಲಿ ಸ್ಟ್ರೀಟ್ ಸ್ಪಿಟ್ 1950ರ ದಶಕದ ಕೊನೆಯಿಂದ ಸುರಿದ ಇಟ್ಟಿಗೆ, ಕಾಂಕ್ರೀಟು, ಮಣ್ಣಿನಿಂದ ಆದ ನೆಲ. ಅಲ್ಲಿನ ಟಾಮಿ ಥಾಂಪ್ಸನ್ ಪಾರ್ಕಿನಲ್ಲಿ 300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ. ದಡದಲ್ಲಿ ತುಕ್ಕು ಹಿಡಿದ ಕಬ್ಬಿಣದ ಸರಳುಗಳು ಇಂದಿಗೂ ತಲೆ ಎತ್ತಿವೆ. ಚಿತ್ರದಲ್ಲಿ ಹಕ್ಕಿಯ ಹಿಂದೆ ಅವು ಕಂಡರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ ಸಾಕು, ಅದೇ ಹಕ್ಕಿಯ ಹಿಂದೆ ಬರೀ ನೀಲಿ ನೀರು.

ಎರಡೇ ಹೆಜ್ಜೆಗೆ ಅಷ್ಟು ವ್ಯತ್ಯಾಸವೇ? ಹೌದು. 400 ಮಿ.ಮೀ. ಲೆನ್ಸಿನ ನೋಟದ ಕೋನ ಸುಮಾರು 6 ಡಿಗ್ರಿ ಮಾತ್ರ, ಹಾಗಾಗಿ ಸ್ವಲ್ಪ ಸರಿದರೂ ಹಿನ್ನೆಲೆ ಬದಲಾಗುತ್ತದೆ. ಇನ್ನು ಹಿನ್ನೆಲೆ ನಯವಾಗಿ ಮಸುಕಾಗಬೇಕಾದರೆ ಹಕ್ಕಿ ನಿಮಗೆ ಹತ್ತಿರವಿರಬೇಕು, ಅದರ ಹಿಂದಿನ ಪೊದೆ ದೂರವಿರಬೇಕು. ಆದ್ದರಿಂದ ಮೊದಲು ಹಿನ್ನೆಲೆ ಆರಿಸಿಕೊಳ್ಳಿ, ಹಕ್ಕಿ ಬಂದು ಕೂರುವ ಕೊಂಬೆ ಗುರುತಿಸಿಕೊಳ್ಳಿ, ಅಲ್ಲೇ ಕಾಯಿರಿ. ಬೆನ್ನಟ್ಟಿ ಹೋದವರಿಗೆ ಸಿಗುವುದು ಹಾರಿಹೋಗುವ ಹಕ್ಕಿಯ ಬಾಲ.

ಇಂಗ್ಲೆಂಡಿನ ಕೀರ್ಟನ್ ಸಹೋದರರು 1900ರ ಸುಮಾರಿಗೆ ಹಕ್ಕಿಗಳ ಕಣ್ಣು ತಪ್ಪಿಸಲು ಟೊಳ್ಳು ಎತ್ತೊಂದನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾ ಇಟ್ಟುಕೊಂಡು ಕೂರುತ್ತಿದ್ದರು. ಇಂದು ಆ ಎತ್ತಿನ ಕೆಲಸವನ್ನು ಕಾರು ಮಾಡುತ್ತದೆ. ಮನುಷ್ಯನ ಆಕಾರ ಕಂಡೊಡನೆ ಹಾರುವ ಎಷ್ಟೋ ಹಕ್ಕಿಗಳು ನಿಂತ ಕಾರನ್ನು ಲೆಕ್ಕಿಸುವುದಿಲ್ಲ. ಚಳಿಗಾಲದಲ್ಲಿ ಮಾತ್ರ ಹೀಟರು, ಎಂಜಿನ್ನು ಎರಡನ್ನೂ ಆರಿಸಿ, ಕಿಟಕಿ ಇಳಿಸಿ ಸ್ವಲ್ಪ ಹೊತ್ತು ಬಿಡಬೇಕು. ಇಲ್ಲದಿದ್ದರೆ ಒಳಗಿನ ಬಿಸಿಗಾಳಿ ಹೊರಗಿನ ಚಳಿಗೆ ಸೇರುವಾಗ ಲೆನ್ಸಿನೆದುರು ಅಲೆಯಾಡಿ, ಎಂಥ ಲೆನ್ಸಾದರೂ ರೆಕ್ಕೆಯ ಗರಿಗಳು ಕಲಸಿಹೋಗುತ್ತವೆ.

ಬಿಳಿ ಹಿಮ ಫೋಟೊದಲ್ಲಿ ಬೂದಿ ಬಣ್ಣಕ್ಕೆ ತಿರುಗುವುದೇಕೆ? ಕ್ಯಾಮೆರಾದ ಮೀಟರು ಎದುರಿನದನ್ನೆಲ್ಲ ನಡುಬೂದಿ ಎಂದುಕೊಂಡು ಬೆಳಕು ಅಳೆಯುತ್ತದೆ. ಎಕ್ಸ್‌ಪೋಷರನ್ನು ಒಂದು, ಒಂದೂವರೆ ಸ್ಟಾಪ್ ಏರಿಸಿದರೆ ಹಿಮ ಹಿಮದಂತೆಯೇ ಕಾಣುತ್ತದೆ.

ಹಿಡಿಯಷ್ಟೇ ಇರುವ ಗೂಬೆಯೊಂದು ಈ ಊರಿನ ಉದ್ಯಾನಗಳಲ್ಲಿ ಹಗಲಿಡೀ ನಿದ್ದೆ ಮಾಡುತ್ತದೆ, ಗೊತ್ತೇ? ನಾರ್ದರ್ನ್ ಸಾ-ವೆಟ್ ಎಂಬ ಈ ಗೂಬೆಯ ತೂಕ 80 ಗ್ರಾಂ ಆಸುಪಾಸು. ಸೀಡರ್ ಮರದ ದಟ್ಟ ಎಲೆಗಳ ನಡುವೆ, ಕೆಲವೊಮ್ಮೆ ನಮ್ಮ ತಲೆಯ ಮಟ್ಟದಲ್ಲೇ ಕೂತಿರುತ್ತದೆ. ಹತ್ತಿರ ಹೋದರೂ ಹಾರುವುದಿಲ್ಲ. ಅದನ್ನು ಕಂಡು ಹೆದರಿಕೆಯಿಲ್ಲದ ಹಕ್ಕಿ ಎನ್ನುವವರಿದ್ದಾರೆ, ಅದು ತಪ್ಪು. ಅಲ್ಲಾಡದೆ ಕೂರುವುದೇ ಅದರ ರಕ್ಷಣೆ. ಹಾರಿತೋ, ಬ್ಲೂ ಜೇ, ಚಿಕಡೀ ಹಕ್ಕಿಗಳು ಗುಂಪುಗೂಡಿ ಕಿರುಚಿ ಅದರ ಇರವನ್ನು ಗಿಡುಗಕ್ಕೂ ತಿಳಿಸಿಬಿಡುತ್ತವೆ. ಹಿನ್ನೆಲೆ ಸ್ವಚ್ಛವಾಗಲೆಂದು ಅಡ್ಡ ಬಂದ ರೆಂಬೆಯನ್ನು ಮುರಿಯುವುದು ಆ ಗೂಬೆಯ ಮನೆಯ ಗೋಡೆ ಕೆಡವಿದಂತೆ. ಹಸಿರಿನ ಸಂದಿಯಿಂದ ಒಂದೇ ಹಳದಿ ಕಣ್ಣು ಇಣುಕುವ ಚಿತ್ರ ನನಗಂತೂ ಹೆಚ್ಚು ಇಷ್ಟ, ಏಕೆಂದರೆ ಅದು ಆ ಹಕ್ಕಿಯ ನಿಜವಾದ ಬದುಕು.

ಆರ್ಕ್‌ಟಿಕ್‌ನಿಂದ ಚಳಿಗಾಲ ಕಳೆಯಲು ಬರುವ ಹಿಮಗೂಬೆ ಹಗಲಿನಲ್ಲೂ ಬೇಟೆಯಾಡುತ್ತದೆ. ಅದು ಕ್ಯಾಮೆರಾದತ್ತ ಹಾರಿಬರಲೆಂದು ಜೀವಂತ ಇಲಿ ಬಿಡುವವರಿದ್ದಾರೆ. ಹೀಗೆ ಮನುಷ್ಯರ ಬಳಿ ಆಹಾರ ಹುಡುಕಲು ಕಲಿತ ಗೂಬೆ ರಸ್ತೆಯಂಚಿಗೆ ಬಂದು ವಾಹನಕ್ಕೆ ಸಿಕ್ಕುವ ಅಪಾಯವಿದೆ. ಅಂಥ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಬೇಡ.

ನಮ್ಮ ಕೆರೆಗಳ ಗುಳುಮುಳುಕದ ದೊಡ್ಡ ಬಂಧು, ಕೆಂಪು ಕೊರಳಿನ ಗ್ರೀಬ್, ಎಟೋಬಿಕೋದ ಕರ್ನಲ್ ಸ್ಯಾಮ್ಯುಯೆಲ್ ಸ್ಮಿತ್ ಪಾರ್ಕಿನಲ್ಲಿ ಜನ ತೇಲಿಬಿಟ್ಟ ಅಟ್ಟಣೆಗಳ ಮೇಲೆ ಗೂಡು ಕಟ್ಟುತ್ತದೆ. ಪಟ್ಟೆ ತಲೆಯ ಮರಿಗಳು ತಾಯಿ ತಂದೆಯರ ಬೆನ್ನೇರಿ ಸವಾರಿ ಮಾಡುವುದನ್ನು ದಡದಿಂದಲೇ ನೋಡಬಹುದು. ಕೆನಡಾದಲ್ಲಿ ವಲಸೆ ಹಕ್ಕಿಯ ಗೂಡನ್ನು ಕೆಡಿಸುವುದಷ್ಟೇ ಅಲ್ಲ, ಅದಕ್ಕೆ ತೊಂದರೆ ಕೊಡುವುದೂ ಅಪರಾಧ.

ಹೈ ಪಾರ್ಕಿನ ಗ್ರೆನೇಡಿಯರ್ ಕೊಳದಲ್ಲಿ ಶರತ್ಕಾಲದ ಮರಗಳ ಕೆಂಪು, ಹೊಂಬಣ್ಣ ನೀರಿಗೆ ಇಳಿದಿರುತ್ತವೆ. ದಡದಲ್ಲಿ ಹೊಟ್ಟೆಯ ಮೇಲೆ ಮಲಗಿ, ಲೆನ್ಸನ್ನು ನೀರಿನ ಮಟ್ಟಕ್ಕೆ ತನ್ನಿ. ವುಡ್ ಡಕ್ ಎಂಬ ಬಾತುಕೋಳಿ ಆ ಬಣ್ಣದ ಮೇಲೆ ತೇಲಿ ಬಂದಾಗ ಬೇರೆ ಹಿನ್ನೆಲೆಯೇ ಬೇಕಿಲ್ಲ.

ಒಂಟಾರಿಯೊದಲ್ಲಿ 1886ರಲ್ಲಿ ಕೊನೆಯದು ಗುಂಡಿಗೆ ಬಲಿಯಾಗಿ ಇಲ್ಲವಾದ ಟ್ರಂಪೆಟರ್ ಹಂಸವನ್ನು ಮರಳಿ ತಂದವರು ಜೀವವಿಜ್ಞಾನಿ ಹ್ಯಾರಿ ಲಮ್ಸ್‌ಡೆನ್. ಕೆಲಸ ಶುರುವಾದದ್ದು 1982ರಲ್ಲಿ. ಚಳಿಗಾಲದಲ್ಲಿ ಬರ್ಲಿಂಗ್ಟನ್ನಿನ ಲಸಾಲ್ ಪಾರ್ಕಿಗೆ ಹೋದರೆ ಕೆಲವು ಹಂಸಗಳ ರೆಕ್ಕೆಯಲ್ಲಿ ಹಳದಿ ಬಿಲ್ಲೆ ಕಾಣುತ್ತದೆ. ಚಿತ್ರ ಕೆಟ್ಟಿತೆಂದು ಬಿಲ್ಲೆಯನ್ನು ಅಳಿಸಬೇಡಿ. ಬಿಲ್ಲೆಯ ಸಂಖ್ಯೆ ಸ್ಪಷ್ಟವಾಗಿದ್ದರೆ ಆ ಹಂಸ ಎಲ್ಲಿತ್ತೆಂಬುದಕ್ಕೆ ಆ ಚಿತ್ರವೇ ದಾಖಲೆ.

ಮೇ ತಿಂಗಳಲ್ಲಿ ರಾತ್ರಿ ತೆಂಕಣ ಗಾಳಿ ಬೀಸಿ, ಬೆಳಗಿನ ಜಾವ ಮಳೆ ಬಂತೆಂದರೆ ಬೇಗ ಎದ್ದು ಸರೋವರದ ದಡಕ್ಕೆ ಹೋಗಿ. ರಾತ್ರಿಯಿಡೀ ಹಾರಿ ಬಳಲಿದ ಪುಟ್ಟ ವಾರ್ಬ್ಲರ್ ಹಕ್ಕಿಗಳು ಹುಳ ಹುಡುಕುತ್ತ ತಗ್ಗಿನ ಕೊಂಬೆಗಳಿಗೂ ಇಳಿದಿರುತ್ತವೆ. ಎಲೆ ಇನ್ನೂ ಚಿಗುರುತ್ತಿರುವಾಗ ಹಿನ್ನೆಲೆ ತಿಳಿಹಸಿರು. ತಿಂಗಳ ಕೊನೆಗೆ ಎಲೆ ದಟ್ಟವಾದರೆ ಹಕ್ಕಿ ಕೇಳಿಸುತ್ತದೆ, ಕಾಣುವುದು ಕಷ್ಟ.